ತಡವಾಗಿ ಕಣ್ಣು ಮಿಟುಕಿಸುವ ಕ್ಯಾಮೆರಾ

ಮನೆಗೆ ಬಣ್ಣ ಹೊಡೆಸುವುದೆಂದರೆ ಗೋಡೆಗೆ ಹೊಸ ಬಣ್ಣ ಬರುವುದಕ್ಕಿಂತ ಹೆಚ್ಚಾಗಿ ಅಟ್ಟದ ಮೇಲಿನ ಹಳೆಯ ಸಾಮಾನು ಕೆಳಗೆ ಬರುವುದು. ಕಳೆದ ತಿಂಗಳು ನಮ್ಮ ಮನೆಯಲ್ಲಿ ಹಾಗೆ ಇಳಿದು ಬಂದವು ಹಿಡಿಕೆಯಿಲ್ಲದ ಒಂದು ಕುಕ್ಕರು, ಯಾರದ್ದೆಂದು ಯಾರೂ ಒಪ್ಪಿಕೊಳ್ಳದ ಒಂಟಿ ಬೂಟು, ಮತ್ತು ಒಂದು ಬಿಸ್ಕಿಟ್ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ ನನ್ನ ಮೊದಲ ಡಿಜಿಟಲ್ ಕ್ಯಾಮೆರಾ. ಬೆಳ್ಳಿ ಬಣ್ಣ, ಸೋಪಿನ ಡಬ್ಬಿಯಷ್ಟೇ ಗಾತ್ರ. ಅದನ್ನು ಕಂಡ ಕೂಡಲೇ ಕಾಲೇಜಿಗೆ ಹೋಗುವ ನನ್ನ ಮಗಳು ಸನ್ಮತಿ ಏಣಿಯ ಕೆಳಗಿನಿಂದಲೇ ಕೈ ಚಾಚಿದಳು.

"ಮಮ್ಮಿ, ಇದು ಇನ್ನೂ ನಡೀತೈತೇನು? ಈಗ ಇಂಥಾವಕ್ಕ ಭಾಳ ಡಿಮ್ಯಾಂಡ್ ಐತಿ. ನನ್ನ ಗೆಳತ್ಯಾರು ಹುಡುಕ್ಯಾಡಕತ್ತಾರ."

ನಾನು ಒಂದು ಕಾಲದಲ್ಲಿ ಆ ಕ್ಯಾಮೆರಾವನ್ನು ಮಲಪ್ರಭೆಗೆ ಎಸೆಯಬೇಕು ಅಂದುಕೊಂಡಿದ್ದೆ. ಈಗ ಅದಕ್ಕೆ ಡಿಮ್ಯಾಂಡಂತೆ. ಅವಳು ಟಿವಿಯ ರಿಮೋಟಿನಿಂದ ಸೆಲ್ಲು ಕಿತ್ತು ಕ್ಯಾಮೆರಾಕ್ಕೆ ಹಾಕಿದಳು. ಝೀ ಎಂದು ಮೂತಿ ಹೊರಗೆ ಬಂತು. ಏಣಿಯ ಮೇಲೆ ಧೂಳು ಮೆತ್ತಿಕೊಂಡು ನಿಂತಿದ್ದ ನನ್ನತ್ತ ಹಿಡಿದು ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಕೆಟ್ಟಿದೆ ಎಂದುಕೊಂಡು ಕೈ ಕೆಳಗಿಳಿಸಿದಳು. ಆಗ ಕ್ಯಾಮೆರಾ ಕ್ಲಿಕ್ ಎಂದಿತು. ಪರದೆಯ ಮೇಲೆ ಅವಳದೇ ಮೊಣಕಾಲು ಮೂಡಿತು.

"ಇದು ನಾವು ಹೇಳಿದಾಗ ಫೋಟೋ ತಗೀತೋ, ತನ್ನ ಮನಸಿಗೆ ಬಂದಾಗ ತಗೀತೋ?" ಎಂದು ಕೇಳಿದಳು.

ನಾನು ಏಣಿಯ ಮೇಲೆಯೇ ಕೂತು ನಗತೊಡಗಿದೆ. ಹದಿನೈದು-ಹದಿನಾರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನು ಅದೆಷ್ಟು ಸಲ ಕೇಳಿಕೊಂಡಿದ್ದೆನೋ. ಬಣ್ಣ ಹೊಡೆಯುವವರು ಬ್ರಶ್ ಹಿಡಿದು ಕಾಯುತ್ತಿದ್ದರು. ಅವರು ಕಾಯಲಿ, ನೀವು ಇದನ್ನು ಕೇಳಿ.

ಆ ಕ್ಯಾಮೆರಾ ಬಂದ ಹೊಸದರಲ್ಲಿ ನನ್ನ ಉತ್ಸಾಹ ಹೇಳತೀರದು. ಅಲ್ಲಿಯವರೆಗೆ ರೀಲು ಮುಗಿಯುತ್ತದೆಂದು ಹೆದರಿ ಹೆದರಿ ಫೋಟೋ ತೆಗೆದವಳು ನಾನು. ಈಗ ರೀಲೇ ಇಲ್ಲ. ಕಂಡದ್ದನ್ನೆಲ್ಲ ತೆಗೆದೆ. ಆದರೆ ತೆಗೆದ ಫೋಟೋದಲ್ಲಿ ಕಂಡದ್ದು ಮಾತ್ರ ಇರುತ್ತಿರಲಿಲ್ಲ. ಗುಂಡಿ ಒತ್ತಿದ ಮೇಲೆ ಆ ಯಂತ್ರ ಸ್ವಲ್ಪ ಹೊತ್ತು ವಿಚಾರ ಮಾಡುತ್ತಿತ್ತು. ಎದುರಿಗಿರುವುದು ಎಷ್ಟು ದೂರದಲ್ಲಿದೆ, ಬೆಳಕು ಸಾಕೇ, ಫ್ಲ್ಯಾಶ್ ಬೇಕೇ ಎಂದೆಲ್ಲ ಲೆಕ್ಕ ಹಾಕಿ, ಕೊನೆಗೆ ಮನಸ್ಸು ಮಾಡಿ ಕಣ್ಣು ಮಿಟುಕಿಸುತ್ತಿತ್ತು. ಅಷ್ಟರಲ್ಲಿ ಲೋಕ ಮುಂದೆ ಹೋಗಿರುತ್ತಿತ್ತು. ನನ್ನ ತಮ್ಮನ ಮಗನ ಹುಟ್ಟುಹಬ್ಬದಲ್ಲಿ ಅವನು ಮೇಣದ ಬತ್ತಿ ಊದುವುದನ್ನು ತೆಗೆಯಲು ಹೋದೆ. ಫೋಟೋದಲ್ಲಿ ಹೊಗೆ ಮಾತ್ರ ಇತ್ತು. ನಮ್ಮ ಬೆಳಗಾವಿಯ ಟಿಳಕವಾಡಿ ರೈಲ್ವೆ ಗೇಟಿನಲ್ಲಿ ನಿಂತು ಎಂಜಿನ್ನಿನ ಮುಖ ತೆಗೆಯಲು ಗುಂಡಿ ಒತ್ತಿದೆ. ಸಿಕ್ಕಿದ್ದು ನಡುವಿನ ಯಾವುದೋ ಡಬ್ಬಿಯ ಕಿಟಕಿಯಿಂದ ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತಿದ್ದ ಒಂದು ಕೈ. ವಡಗಾವಿಯ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಮಗ್ಗ ಇತ್ತು. ಅಲ್ಲಿ ಲಾಳಿ ಹಾರುವುದನ್ನು ಹಿಡಿಯುತ್ತೇನೆಂದು ಮಧ್ಯಾಹ್ನವಿಡೀ ಕೂತೆ. ಲಾಳಿಯಿಲ್ಲದ ಮಗ್ಗದ ಫೋಟೋ ನನ್ನಷ್ಟು ಈ ಊರಲ್ಲಿ ಯಾರ ಹತ್ತಿರವೂ ಇರಲಿಕ್ಕಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬೆಳಕು ಎಷ್ಟು ವೇಗವಾಗಿ ಓಡುತ್ತದೆಂದು ಮಕ್ಕಳಿಗೆ ಕೈಯೆತ್ತಿ ಹೇಳುವವಳ ಕೈಯಲ್ಲಿ ಇಂಥ ಕ್ಯಾಮೆರಾ ಇದ್ದದ್ದಕ್ಕೆ ನನಗೇ ನಾಚಿಕೆಯಾಗುತ್ತಿತ್ತು. ಆದರೂ ನಾನು ಅದರ ಸೋಮಾರಿತನವನ್ನು ಬಿಡಿಸಲೇಬೇಕೆಂದು ಹಟ ಹಿಡಿದದ್ದು ನನ್ನ ನಾಚಿಕೆಯಿಂದಲ್ಲ. ಅದಕ್ಕೆ ಕಾರಣ ನಮ್ಮ ಅವ್ವ ಮತ್ತು ಅವಳ ಗೆಳತಿ ಮೆಹರುನ್ನಿಸಾ.

ಅವ್ವನ ಹೆಸರು ಪದ್ಮಾವತಿ. ಅವಳ ತವರು ಖಾನಾಪುರ. ನಾವು ಮೆಹರು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಆ ಗೆಳತಿ ಈಗಲೂ ಖಾನಾಪುರದಲ್ಲೇ ಇದ್ದಾರೆ. ಅವರ ಗಂಡನದ್ದು ಅಲ್ಲಿ ಒಂದು ಬೇಕರಿ. ಇವರಿಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಇಬ್ಬರೂ ಖೋಖೋ ಆಡುತ್ತಿದ್ದರು. ಶಾಲೆಯ ಕೊನೆಯ ವರ್ಷದ ಆಟದಲ್ಲಿ ಇಬ್ಬರೂ ಎದುರುಬದುರು ತಂಡದಲ್ಲಿ ಬಿದ್ದರು. ಅವ್ವ ಬೆನ್ನಟ್ಟುವವಳು, ಮೆಹರು ಖಾಲಾ ಓಡುವವರು. ಖೋಖೋ ಅಂಗಳದ ಎರಡು ತುದಿಗೆ ಎರಡು ಕಂಬ ಇರುತ್ತವಲ್ಲ, ಓಡುವವರು ಆ ಕಂಬವನ್ನು ಸುತ್ತಿ ತಪ್ಪಿಸಿಕೊಳ್ಳುತ್ತಾರೆ. ಬೆನ್ನಟ್ಟುವವರು ಒಂದು ಕೈಯಿಂದ ಕಂಬ ಹಿಡಿದು, ಮೈಯನ್ನೆಲ್ಲ ಗಾಳಿಗೆ ಬಿಟ್ಟು, ಇನ್ನೊಂದು ಕೈ ಚಾಚಿ ಅವರನ್ನು ಮುಟ್ಟಬೇಕು. ಮರಾಠಿ ಬೆರೆತ ನಮ್ಮ ಕಡೆಯ ಮಾತಿನಲ್ಲಿ ಅದಕ್ಕೆ ಸೂರ್ ಹೊಡೆಯುವುದು ಎನ್ನುತ್ತಾರೆ. ಅವ್ವ ಆ ದಿನ ಸೂರ್ ಹೊಡೆದಳು. ಮೆಹರು ಖಾಲಾರನ್ನು ಮುಟ್ಟಿದೆ ಎಂದಳು. ಅವರು ಮುಟ್ಟಿಲ್ಲ ಎಂದರು. ನೋಡಿ ಹೇಳಬೇಕಾದ ಡ್ರಿಲ್ ಮಾಸ್ತರರು ಸರಿಯಾಗಿ ಅದೇ ಹೊತ್ತಿಗೆ ಅಂಗಳಕ್ಕೆ ನುಗ್ಗಿದ್ದ ಎಮ್ಮೆಯೊಂದನ್ನು ಓಡಿಸಲು ಆಚೆ ತಿರುಗಿದ್ದರು. ನೋಡಿಲ್ಲವಾದ್ದರಿಂದ ಔಟಿಲ್ಲ ಎಂದರು. ಅವ್ವನ ತಂಡ ಸೋತಿತು.

ಅಂದಿನಿಂದ ಈ ಜಗಳ ನಡೆದೇ ಇತ್ತು. ಮದುವೆ, ಬಸಿರು, ಬಾಣಂತನ ಯಾವುದೂ ಇದನ್ನು ನಿಲ್ಲಿಸಲಿಲ್ಲ. ನಾವು ಚಿಕ್ಕವರಿದ್ದಾಗ ಅವ್ವ ತವರಿಗೆ ಹೋದಾಗಲೆಲ್ಲ ನಮ್ಮನ್ನು ಕರೆದುಕೊಂಡು ಬೇಕರಿಗೆ ಹೋಗುತ್ತಿದ್ದಳು. ಖಾಲಾ ನಮ್ಮ ಕೈಗೆ ಬಿಸಿ ಬಿಸಿ ಖಾರಿ ಬಿಸ್ಕಿಟು ಕೊಡುತ್ತಿದ್ದರು. ನಾವು ಅಂಗಿಯ ಮೇಲೆಲ್ಲ ಅದರ ಪುಡಿ ಉದುರಿಸಿಕೊಂಡು ತಿನ್ನುತ್ತಿದ್ದರೆ ಅವರಿಬ್ಬರ ಮಾತು ಶುರುವಾಗುತ್ತಿತ್ತು. ಮಕ್ಕಳ ಸುದ್ದಿ, ಅತ್ತೆಯರ ಸುದ್ದಿ ಎಲ್ಲ ಮುಗಿದರೆ ಸಾಕು, ಒಬ್ಬರು ಆ ಹಳೆಯ ಮಾತು ಎತ್ತುತ್ತಿದ್ದರು.

"ಮೆಹರು, ಖರೇ ಹೇಳು. ನನ್ನ ಬೆರಳ ನಿನ್ನ ಬೆನ್ನಿಗೆ ಹತ್ತಿದ್ದಿಲ್ಲೇನು?"

"ಪದ್ಮಾ, ಖುರಾನ್ ಮ್ಯಾಲೆ ಕೈ ಇಟ್ಟ ಹೇಳತೀನಿ. ಹತ್ತಿದ್ದು ಗಾಳಿ. ನಿನ್ನ ಬೆರಳ ಅಲ್ಲ."

ಅಷ್ಟಾದ ಮೇಲೆ ಇಬ್ಬರೂ ಮುಖ ಊದಿಸಿಕೊಂಡು ಚಹಾ ಕುಡಿಯುತ್ತಿದ್ದರು. ಬಸ್ ಹತ್ತಿಸಲು ಮಾತ್ರ ಖಾಲಾ ತಪ್ಪದೆ ಬರುತ್ತಿದ್ದರು.

ನನಗೆ ಕ್ಯಾಮೆರಾ ಬಂದ ಮರುವರ್ಷ ಆ ಶಾಲೆಯವರು ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆದು ದೊಡ್ಡ ಕಾರ್ಯಕ್ರಮ ಇಟ್ಟುಕೊಂಡರು. ಹಳೆಯ ವಿದ್ಯಾರ್ಥಿನಿಯರ ಖೋಖೋ ಪಂದ್ಯವೂ ಇದೆ ಎಂದು ಸುದ್ದಿ ಬಂತು. ಖಾನಾಪುರದಿಂದ ಮೆಹರು ಖಾಲಾ ಫೋನ್ ಮಾಡಿದರು. ಅವ್ವ ಫೋನು ಕೆಳಗಿಟ್ಟವಳೇ ನಮ್ಮ ಮನೆಗೆ ಬಂದಳು. ಅವ್ವ ಅಪ್ಪ ಇರುವುದು ನಮ್ಮಿಂದ ಎರಡು ಗಲ್ಲಿ ಆಚೆ. ಅಷ್ಟು ದೂರ ಅವಳು ಓಡಿಯೇ ಬಂದಿದ್ದಳೋ ಏನೋ, ಏದುಸಿರು ಬಿಡುತ್ತಿದ್ದಳು.

"ಸುಜಿ, ಮೆಹರು ಓಡಾಕ ನಿಂದರತಾಳಂತ. ನಾ ಬೆನ್ನ ಹತ್ತಾಕ ನಿಂದರತೇನಿ. ನಿನ್ನ ಕ್ಯಾಮೆರಾ ತಗೊಂಡ ಬಾ. ಈ ಸಲ ಫೋಟೋ ಬೇಕ ನನಗ."

"ಅವ್ವಾ, ನಿನಗ ಐವತ್ತ ದಾಟೇದ. ಮೊಣಕಾಲ ನೋವಿಗೆ ಗುಳಿಗಿ ತಗೋತಿ."

"ಮೊಣಕಾಲಿಂದ ಎಲ್ಲಿ ಮುಟ್ಟತಾರ? ಮುಟ್ಟೂದು ಕೈಲೆ."

ಅಪ್ಪನಿಗೆ ಸುದ್ದಿ ತಿಳಿದಾಗ ಅವರು ಪೇಪರಿನ ಹಿಂದಿನಿಂದ ಮುಖ ತೆಗೆಯದೆ ಹೇಳಿದರು, "ಡಾಕ್ಟರ ಹತ್ರ ಹೋದಾಗ ಏನಂತ ಹೇಳಲಿ? ಪಾವಟಿಗಿ ಮ್ಯಾಲಿಂದ ಬಿದ್ದಾಳ ಅಂತ ಹೇಳಲ್ಯಾ, ಖೋಖೋ ಆಡಿದ್ಲು ಅಂತ ಹೇಳಲ್ಯಾ?"

ಅವ್ವನಿಗೆ ನನ್ನ ಮೇಲೆ ಪೂರ್ತಿ ನಂಬಿಕೆ. ನನಗೆ ನನ್ನ ಕ್ಯಾಮೆರಾದ ಮೇಲೆ ಎಳ್ಳಷ್ಟೂ ಇರಲಿಲ್ಲ. ಸೂರ್ ಹೊಡೆಯುವುದೆಂದರೆ ಕಣ್ಣು ರೆಪ್ಪೆ ಹೊಡೆಯುವಷ್ಟರ ಕೆಲಸ. ಆ ಯಂತ್ರ ಯೋಚಿಸಿ ಮುಗಿಸುವಷ್ಟರಲ್ಲಿ ಅವ್ವ ಸೂರ್ ಹೊಡೆದು, ಎದ್ದು, ಸೀರೆ ಜಾಡಿಸಿಕೊಂಡು, ನೀರು ಕುಡಿಯುತ್ತಿರುತ್ತಿದ್ದಳು. ಹಾಗಾಗಿ ಮೊದಲು ರೋಗ ಎಷ್ಟಿದೆ ಎಂದು ಅಳೆಯೋಣವೆಂದು ಅವ್ವನ ಅಡುಗೆಮನೆಯಲ್ಲಿ ಪ್ರಯೋಗಕ್ಕೆ ಇಳಿದೆ. ಅವ್ವ ಸ್ಟೂಲಿನ ಹತ್ತಿರ ನಿಂತು ನಿಂಬೆಹಣ್ಣನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು. ನಾನು "ಬಿಡು" ಎಂದಾಗ ಬಿಡಬೇಕು. ಅದೇ ಹೊತ್ತಿಗೆ ನಾನು ಗುಂಡಿ ಒತ್ತಬೇಕು.

ಮೊದಲ ಫೋಟೋದಲ್ಲಿ ನಿಂಬೆಹಣ್ಣು ಇರಲೇ ಇಲ್ಲ. ಹುಡುಕಿದರೆ ಗ್ಯಾಸಿನ ಸಿಲಿಂಡರಿನ ಹಿಂದೆ ಉರುಳಿತ್ತು. ಎರಡನೆಯದರಲ್ಲಿ ಅವ್ವ ಬಗ್ಗಿ ಅದನ್ನು ಹುಡುಕುತ್ತಿದ್ದಳು. ಆಮೇಲೆ ಫ್ಲ್ಯಾಶ್ ಆರಿಸಿದೆ. ಕಣ್ಣು ಕೆಂಪಗೆ ಕಾಣದಿರಲೆಂದು ಅದು ಮೊದಲೊಂದು ಸಲ ಮಿಣಕ್ಕೆಂದು, ಆಮೇಲೆ ನಿಜವಾಗಿ ಬೆಳಗುತ್ತಿತ್ತು. ಅದೇ ಅರ್ಧ ತಡ. ಆರಿಸಿದ ಮೇಲೆ ನಿಂಬೆಹಣ್ಣು ನೆಲಕ್ಕೆ ಬಡಿಯುವಾಗ ಸಿಕ್ಕಿತು. ಅವ್ವ ಅದನ್ನೇ ದೊಡ್ಡ ಗೆಲುವೆಂದು ಚಪ್ಪಾಳೆ ತಟ್ಟಿದಳು.

ನಿಜವಾದ ದಾರಿ ಸಿಕ್ಕಿದ್ದು ಮಾತ್ರ ನನ್ನ ಜಾಣತನದಿಂದಲ್ಲ, ಒಂದು ಸೀನಿನಿಂದ. ಗುಂಡಿಯ ಮೇಲೆ ಬೆರಳಿಟ್ಟು ಇನ್ನೇನು "ಬಿಡು" ಎನ್ನಬೇಕು, ಒಗ್ಗರಣೆಯ ಘಾಟಿಗೆ ಸೀನು ಬಂದಂತಾಯಿತು. ಬೆರಳು ಅರ್ಧ ಒತ್ತಿದಲ್ಲೇ ನಿಂತಿತು. ಕ್ಯಾಮೆರಾ ಪೀಂ ಎಂದು ಹಸಿರು ದೀಪ ತೋರಿಸಿತು. ಸೀನು ಬರಲಿಲ್ಲ. ಬೆರಳು ತೆಗೆಯದೆ "ಬಿಡು" ಎಂದು ಪೂರ್ತಿ ಒತ್ತಿದೆ. ಒತ್ತಿದ ಕೂಡಲೇ ಕ್ಲಿಕ್. ನೋಡಿದರೆ ನಿಂಬೆಹಣ್ಣು ಅವ್ವನ ಮೂಗಿನ ಮುಂದೆ, ಅಲ್ಲೇ ಕಾಯಿಬಿಟ್ಟಂತೆ, ಗಾಳಿಯಲ್ಲಿ ನಿಂತಿತ್ತು.

ನಾನು ಅಡುಗೆಮನೆಯಲ್ಲಿ ಕುಣಿದೆ. ಕ್ಯಾಮೆರಾ ಯೋಚಿಸಬೇಕಾದದ್ದನ್ನೆಲ್ಲ ಗುಂಡಿ ಅರ್ಧ ಒತ್ತಿದಾಗಲೇ ಯೋಚಿಸಿ ಮುಗಿಸುತ್ತದೆ. ಬೆರಳನ್ನು ಅಲ್ಲೇ ಹಿಡಿದು ಕಾಯುತ್ತಿದ್ದರೆ, ಉಳಿದರ್ಧ ಒತ್ತಿದ ಕೂಡಲೇ ಫೋಟೋ ಬರುತ್ತದೆ. ಈ ಸಂಗತಿ ಆ ಕ್ಯಾಮೆರಾ ಇಟ್ಟುಕೊಂಡವರಿಗೆಲ್ಲ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ಅವತ್ತು ಮಾತ್ರ ನನಗೆ ಒಂದು ಹೊಸ ಗ್ರಹವನ್ನೇ ಕಂಡುಹಿಡಿದ ಸಂಭ್ರಮ. ಅಪ್ಪ ಒಳಗೆ ಬಂದು, ಜಜ್ಜಿಹೋದ ನಿಂಬೆಹಣ್ಣುಗಳನ್ನು ನೋಡಿ, "ಇವತ್ತ ಚಿತ್ರಾನ್ನನ ಮಾಡ್ರಿ ಹಂಗಾರ" ಎಂದು ಹೋದರು.

ಮುಂದಿನ ದಿನಗಳಲ್ಲಿ ನಾವಿಬ್ಬರೂ ತಾಲೀಮಿಗೆ ಬಿದ್ದೆವು. ಅವರ ಮನೆಯ ಪಡಸಾಲೆಯಲ್ಲಿ ಮರದ ಕಂಬವೊಂದಿದೆ. ಅದರ ಸುತ್ತ ಗಾದಿ ಹಾಸಿ, ಅವ್ವ ಕಚ್ಚೆ ಹಾಕಿ ಸೀರೆ ಕಟ್ಟಿ ಓಡಿ ಬರುತ್ತಿದ್ದಳು. ನಾನು ಕಂಬಕ್ಕೆ ಗುರಿಯಿಟ್ಟು, ಅರ್ಧ ಒತ್ತಿ, ಕಾಯುತ್ತಿದ್ದೆ. ಹಿಂದಿನ ಚಿಕ್ಕ ಪರದೆಯೂ ಒಂದು ಹೆಜ್ಜೆ ಹಿಂದೆಯೇ ಇರುತ್ತಿತ್ತೆಂದು ಗೊತ್ತಾಗಿ, ಪರದೆಯನ್ನು ನೋಡುವುದು ಬಿಟ್ಟು ಮೂಲೆಯ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟೆ. ಆದರೂ ನನ್ನ ಕಣ್ಣು ಕಂಡು, ತಲೆಗೆ ಹೇಳಿ, ತಲೆ ಬೆರಳಿಗೆ ಹೇಳುವಷ್ಟರಲ್ಲಿ ಒಂದಿಷ್ಟು ತಡವಾಗುತ್ತಿತ್ತು. ಅದಕ್ಕೂ ಅವ್ವನೇ ಉಪಾಯ ಹೇಳಿದಳು.

"ನಾ ಹಾರಿದ್ದ ನೋಡಿ ಒತ್ತಬ್ಯಾಡ. ನನ್ನ ಎಡಗೈ ಕಂಬಕ್ಕ ಬಿತ್ತಂದ್ರ ಒತ್ತಿಬಿಡು. ಕೈ ಬಿದ್ದ ಮ್ಯಾಲೆ ನಾ ನಿಂದ್ರೂದಿಲ್ಲ."

ಹಾಗೆಯೇ ಮಾಡಿದೆವು. ಕೊನೆಕೊನೆಗೆ ಹಾರಿದ ಅವ್ವ ತಪ್ಪದೆ ಫೋಟೋದಲ್ಲಿ ಸಿಗತೊಡಗಿದಳು. ಮೊದಲ ಸಲ ಅವಳು ತನ್ನನ್ನು ತಾನು ಗಾಳಿಯಲ್ಲಿ ಕಂಡಾಗ ಕ್ಯಾಮೆರಾವನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಆಮೇಲೆ, "ನಾ ಹಿಂಗ ಕಾಣತಿದ್ನೇನು?" ಎಂದಳು. ಅವಳ ಶಾಲೆಯ ದಿನಗಳ ಆಟದ ಫೋಟೋ ಒಂದೂ ಇಲ್ಲ. ಅವಳು ಕೇಳಿದ್ದು ಈಗಿನ ತನ್ನ ಬಗ್ಗೆ ಅಲ್ಲವೆಂದು ನನಗೆ ತಿಳಿಯಿತು. ಆ ಮಾತು ಕೇಳಿದ ಮೇಲೆ ಮೊಣಕಾಲಿನ ನೆಪ ಹೇಳುವುದನ್ನು ನಾನು ಬಿಟ್ಟೆ.

ಪಂದ್ಯದ ದಿನ ಅಪ್ಪ, ಅವ್ವ, ನಾನು ಖಾನಾಪುರಕ್ಕೆ ಹೋದಾಗ ಶಾಲೆಯ ಅಂಗಳ ತುಂಬಿತ್ತು. ಕೆಂಪು ಮಣ್ಣಿಗೆ ನೀರು ಹೊಡೆದು ಸುಣ್ಣದ ಗೆರೆ ಎಳೆದಿದ್ದರು. ನಡುವಿನ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂರಲು ಆಗದ ಆಟಗಾರ್ತಿಯರಿಗಾಗಿ ಪ್ಲಾಸ್ಟಿಕ್ ಸ್ಟೂಲು ಇಟ್ಟಿದ್ದರು. ಮೆಹರು ಖಾಲಾ ಸಲ್ವಾರಿನ ಮೇಲೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಮೊಮ್ಮಗಳ ಬೂಟು ಹಾಕಿಕೊಂಡು ಬಂದಿದ್ದರು. ಅವ್ವನನ್ನು ನೋಡಿ ದೂರದಿಂದಲೇ ಕೂಗಿದರು.

"ಪದ್ಮಾ, ಇವತ್ತ ಎಮ್ಮಿ ಕಟ್ಟಿಹಾಕ್ಯಾರ. ಸುಳ್ಳ ಹೇಳಾಕ ಆಗೂದಿಲ್ಲ."

"ಸುಳ್ಳ ಹೇಳಾವ್ರು ಯಾರಂತ ನನ್ನ ಮಗಳ ಕ್ಯಾಮೆರಾ ಹೇಳತದ" ಎಂದಳು ಅವ್ವ.

ನಾನು ಬಡಗಣ ಕಂಬದ ಬಾಜುವಿಗೆ, ಗೆರೆಯಿಂದಾಚೆ ಮಣ್ಣಿನಲ್ಲಿ ಕೂತೆ. ಅವ್ವ ಯಾವ ಕಂಬದ ಹತ್ತಿರ ಸೂರ್ ಹೊಡೆಯುತ್ತಾಳೆಂದು ಮೊದಲೇ ಮಾತಾಗಿತ್ತು. ಶಾಲೆಯ ಈಗಿನ ಆಟದ ಟೀಚರು ಸೀಟಿ ಊದಿದರು. ಆಟ ಶುರುವಾಯಿತು. ಒಬ್ಬೊಬ್ಬರೂ ಅಜ್ಜಿಯಾಗುವ ವಯಸ್ಸಿನವರು. ಆದರೆ "ಖೋ" ಎಂಬ ಕೂಗು ಮಾತ್ರ ಹದಿನಾಲ್ಕರ ಹುಡುಗಿಯರದ್ದು. ಓಡುವ ತಂಡದಲ್ಲಿ ಒಬ್ಬರು ಬೇಗನೆ ಔಟಾದರು. ಇನ್ನೊಬ್ಬರು ತಾವೇ ದಣಿದು ಗೆರೆ ದಾಟಿ ಹೋಗಿ ನೀರು ಕೇಳಿದರು. ಉಳಿದದ್ದು ಮೆಹರು ಖಾಲಾ. ಅವರು ಓಡುತ್ತಿರಲಿಲ್ಲ, ಜಾರುತ್ತಿದ್ದರು. ಸ್ಟೂಲುಗಳ ನಡುವೆ ಆಚೆ ಈಚೆ ನುಸುಳಿ, ಕೈಗೆ ಸಿಕ್ಕಂತೆ ಮಾಡಿ ತಪ್ಪಿಸಿಕೊಂಡು, ಪ್ರತಿಸಲ ಅವ್ವ ಕೂತ ಸ್ಟೂಲಿನ ಮುಂದೆ ಬಂದಾಗ ನಾಲಿಗೆ ಹೊರಚಾಚಿ ಹೋಗುತ್ತಿದ್ದರು. ಜನ ನಕ್ಕು ನಕ್ಕು ಸುಸ್ತಾದರು.

ಆಗ ಅವ್ವನ ಬೆನ್ನ ಹಿಂದೆ "ಖೋ" ಎಂಬ ಕೂಗು ಬಿತ್ತು. ಅವ್ವ ಎದ್ದಳು. ಖಾಲಾ ನನ್ನ ಕಂಬದ ಕಡೆ ಓಡಿದರು. ನಾನು ಕಂಬಕ್ಕೆ ಗುರಿಯಿಟ್ಟು ಅರ್ಧ ಒತ್ತಿದೆ. ಹಸಿರು ದೀಪ ಬಂತು. ಸರಿಯಾಗಿ ಅದೇ ಹೊತ್ತಿಗೆ ಬಿಳಿ ಅಂಗಿಯ ಹಿರಿಯರೊಬ್ಬರು ಮೊಬೈಲು ಹಿಡಿದು ನನ್ನ ಮುಂದೆ ಬಂದು ನಿಂತರು.

"ರೀ ಕಾಕಾರ, ಸ್ವಲ್ಪ ಬಾಜೂಕ ಸರೀರಿ."

"ಕುಂದರ್ರಿ ಕುಂದರ್ರಿ, ನಮಗೂ ನೋಡೂದೈತಿ" ಎಂದರು ಅವರು, ಅಲ್ಲಾಡದೆ.

ನಾನು ಮೊಣಕಾಲ ಮೇಲೆ ತೆವಳಿ ಪಕ್ಕಕ್ಕೆ ಬಂದೆ. ಬೆರಳು ಬಿಟ್ಟುಹೋಗಿತ್ತು. ಮತ್ತೆ ಗುರಿ, ಮತ್ತೆ ಅರ್ಧ. ಆ ಹಸಿರು ದೀಪ ಬರಲು ತೆಗೆದುಕೊಂಡ ಹೊತ್ತು ನನ್ನ ಜೀವನದ ಅತಿ ಉದ್ದದ ಹೊತ್ತುಗಳಲ್ಲೊಂದು. ಪೀಂ. ಖಾಲಾ ಕಂಬದ ಸುತ್ತ ತಿರುಗಿದರು. ಅವ್ವನ ಎಡಗೈ ಕಂಬಕ್ಕೆ ಬಿತ್ತು. ನಾನು ಒತ್ತಿದೆ.

ಅವ್ವ ಹಾರಿದಳು. ಇದನ್ನು ನಾನು ಕಿಂಡಿಯಲ್ಲಿ ನೋಡಿದೆನೋ, ಕ್ಯಾಮೆರಾದ ಮೇಲಿನಿಂದ ನೋಡಿದೆನೋ ನೆನಪಿಲ್ಲ. ಕಚ್ಚೆ ಕಟ್ಟಿದ ಹಸಿರು ಸೀರೆ ನೆಲಕ್ಕೆ ಸಮನಾಗಿ ಚಾಚಿತು, ಸೀಟಿ ಕೇಳಿತು, ಇಬ್ಬರೂ ಒಬ್ಬರ ಮೇಲೊಬ್ಬರು ಕೆಂಪು ಮಣ್ಣಿಗೆ ಬಿದ್ದರು. ಅಪ್ಪ ಕುರ್ಚಿಯಿಂದ ಎದ್ದು, "ಪದ್ಮಾ" ಎಂದು ಕೂಗಿದ್ದು ಅಂಗಳಕ್ಕೆಲ್ಲ ಕೇಳಿತು. ಅಪ್ಪ ಅವ್ವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಓಡಿದೆ. ಹೋಗಿ ನೋಡಿದರೆ ಇಬ್ಬರೂ ಬಿದ್ದಲ್ಲೇ ಜಗಳ ಶುರುಮಾಡಿದ್ದರು.

"ಮುಟ್ಟೇನಿ."

"ಎಲ್ಲಿ ಮುಟ್ಟೀದಿ? ಬಿದ್ದೀದಿ ನೀ."

ಟೀಚರು ಕೈಯೆತ್ತಿ ಔಟ್ ಎಂದರು. "ನಾ ನೋಡೇನ್ರಿ ಅಮ್ಮಾರ, ಬೆನ್ನಿಗೆ ಹತ್ತೇತಿ" ಎಂದರು. ಖಾಲಾ ಒಪ್ಪಲಿಲ್ಲ. ಮಣ್ಣು ಜಾಡಿಸುತ್ತ ನನ್ನ ಕಡೆ ತಿರುಗಿದರು. "ಬೇಟಾ, ನಿನ್ನ ಕ್ಯಾಮೆರಾ ಏನ ಅಂತೈತಿ?"

ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ಖಾಲಾರ ದುಪಟ್ಟಾವನ್ನೇ ಮೂವರ ತಲೆಯ ಮೇಲೆ ಹೊದ್ದುಕೊಂಡೆವು. ಒಳಗೆ ಬೆವರು, ಮಣ್ಣು, ಹೂವಿನ ವಾಸನೆ. ಗುಂಡಿ ಒತ್ತಿದೆ, ಸಾಲಾಗಿ ಬಂದ ಸಣ್ಣ ಚೌಕಗಳಲ್ಲಿ ಕಂಬವಿದ್ದುದನ್ನು ಆರಿಸಿದೆ, ಫೋಟೋ ಮೂಡಿತು. ಅವ್ವ ಗಾಳಿಯಲ್ಲಿದ್ದಳು. ಅಡ್ಡಕ್ಕೆ ಚಾಚಿದ ಮೈ, ಕಂಬ ಹಿಡಿದ ಎಡಗೈ, ಮುಂದೆ ನೀಡಿದ ಬಲಗೈ. ಅವಳ ಮುಂದೆ ಖಾಲಾ, ಬೆನ್ನು ಬಿಲ್ಲಿನಂತೆ ಬಾಗಿಸಿ, ಹಲ್ಲೆಲ್ಲ ತೋರಿಸಿ ನಗುತ್ತ ತಪ್ಪಿಸಿಕೊಳ್ಳುತ್ತಿದ್ದರು. ಅಷ್ಟು ಸೊಗಸಾದ ಫೋಟೋವನ್ನು ನಾನು ಹಿಂದೆ ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ. "ದೊಡ್ಡದ ಮಾಡು" ಎಂದಳು ಅವ್ವ. ದೊಡ್ಡದು ಮಾಡುತ್ತ ಹೋದೆ. ಬೆರಳು, ಉಗುರು, ಕುರ್ತಾದ ಹೂವು. ಬೆರಳಿಗೂ ಹೂವಿಗೂ ನಡುವೆ ಒಂದು ಸಣ್ಣ ಬೆಳಕಿನ ಸಂದಿ.

ದುಪಟ್ಟಾದ ಒಳಗೇ ಖಾಲಾ ಕೇಕೆ ಹಾಕಿದರು. "ನೋಡಿದ್ಯಾ ಪದ್ಮಾ? ಝೂಟಿ. ಗಾಳಿ ಮುಟ್ಟೀದಿ ನೀ. ಆವಾಗೂ ಗಾಳಿ, ಈಗೂ ಗಾಳಿ."

"ಇದು ಮುಟ್ಟೂಕಿಂತ ಮದಲಿಂದು" ಎಂದಳು ಅವ್ವ. ಆಮೇಲೆ ನಿಧಾನವಾಗಿ ನನ್ನತ್ತ ತಿರುಗಿದಳು. "ಸುಜಿ, ಇಷ್ಟ ಲಗೂನ ಯಾಕ ಒತ್ತಿದಿ?"

ಎಷ್ಟೋ ವಾರಗಳಿಂದ ಬೇಗ ಒತ್ತುವುದನ್ನೇ ಕಲಿತಿದ್ದೆ. ಪಡಸಾಲೆಯ ಗಾದಿಯ ಮೇಲೆ ಅವ್ವ ಹೆದರಿ ಹೆದರಿ ಹಾರುತ್ತಿದ್ದಳು. ಮುಟ್ಟಲು ಎದುರಿಗೆ ಯಾರೂ ಇರಲಿಲ್ಲವಾದ್ದರಿಂದ, ಕೈ ಎಲ್ಲಿಗೆ ಮುಟ್ಟಬೇಕು ಎಂದು ನಾವು ಲೆಕ್ಕ ಹಾಕಿರಲೇ ಇಲ್ಲ. ಹಾರುವುದು ಫೋಟೋದಲ್ಲಿ ಬಂದರೆ ಸಾಕಾಗಿತ್ತು. ತಡವನ್ನು ಪೂರ್ತಿ ಗೆದ್ದು, ಗೆದ್ದ ಹುಮ್ಮಸ್ಸಿನಲ್ಲಿ ಅದನ್ನು ದಾಟಿ ಆಚೆ ಹೋಗಿಬಿಟ್ಟಿದ್ದೆ. ಅಷ್ಟು ದಿನ ಎಲ್ಲ ಆಗಿಹೋದ ಮೇಲಿನ ಫೋಟೋ ಬರುತ್ತಿತ್ತು. ಈಗ ಆಗಲಿರುವುದರ ಮುಂಚಿನದು ಬಂದಿತ್ತು.

ಪಂದ್ಯವನ್ನು ಅವ್ವನ ತಂಡವೇ ಗೆದ್ದಿತು. ಅವ್ವನಿಗೆ ಅದು ನೆನಪಿದೆಯೋ ಇಲ್ಲವೋ. ಬೆಳಗಾವಿಗೆ ಮರಳುವ ದಾರಿಯುದ್ದಕ್ಕೂ ಅವಳು ಕ್ಯಾಮೆರಾ ಹಿಡಿದು ಆ ಸಂದಿಯನ್ನೇ ನೋಡುತ್ತಿದ್ದಳು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಮೊಣಕೈ ಸ್ವಲ್ಪ ತರಚಿತ್ತು. ಅಪ್ಪ ಅದಕ್ಕೆ ಅರಿಶಿಣ ಹಚ್ಚುತ್ತ, "ನನ್ನ ಕಣ್ಣಿಗೆ ಮುಟ್ಟಿದ್ಹಂಗ ಕಂಡತು" ಎಂದರು. ಅವ್ವ ಅವರನ್ನು ಬಹಳ ಮೆಚ್ಚುಗೆಯಿಂದ ನೋಡಿದಳು.

ಖಾಲಾ ಆ ಫೋಟೋದ ದೊಡ್ಡ ಪ್ರತಿ ಹಾಕಿಸಿಕೊಡೆಂದು ನನ್ನ ಬೆನ್ನು ಬಿದ್ದರು. ಕಟ್ಟು ಹಾಕಿಸಿ ಕೊಟ್ಟೆ. ಅದು ಅವರ ಬೇಕರಿಯಲ್ಲಿ ಟೋಸ್ಟಿನ ಕಪಾಟಿನ ಮೇಲೆ, ಬಂದವರಿಗೆಲ್ಲ ಕಾಣುವಂತೆ ತೂಗಿತು. ಪಾವು, ಟೋಸ್ಟು ಕೊಳ್ಳಲು ಬಂದವರಿಗೆ ಖಾಲಾ ಆ ಸಂದಿಯನ್ನು ಬೆರಳಿಟ್ಟು ತೋರಿಸುತ್ತಿದ್ದರಂತೆ. ಅವ್ವ ಪ್ರತಿಸಲ ಕುಂದಾ ಮಿಠಾಯಿ ತೆಗೆದುಕೊಂಡು ಹೋಗಿ, ಅದರ ಕೆಳಗೇ ಕೂತು, ಅದನ್ನು ನೋಡದಂತೆ ನೋಡಿ, ಜಗಳವಾಡಿ ಬರುತ್ತಿದ್ದಳು. ಮೊದಲು ವರ್ಷಕ್ಕೊಮ್ಮೆ ಹೋಗುತ್ತಿದ್ದವಳು ಈಗ ನೆವ ಸಿಕ್ಕರೆ ಸಾಕು ಬಸ್ ಹತ್ತುತ್ತಿದ್ದಳು.

ಇಷ್ಟನ್ನೂ ಏಣಿಯ ಮೇಲೆ ಕೂತು ಸನ್ಮತಿಗೆ ಹೇಳಿದೆ. ಅವಳಿಗೆ ಬೇಕರಿಯ ಫೋಟೋ ಗೊತ್ತಿತ್ತು, ಅದರ ಹಿಂದಿನ ತಾಲೀಮು ಗೊತ್ತಿರಲಿಲ್ಲ. "ಈಗಿನ ಫೋನ್ ಆಗಿದ್ರ ಒತ್ತೂಕಿಂತ ಮದಲಿಂದು, ಆಮ್ಯಾಲಿಂದು ಎಲ್ಲಾ ತಗದ ಇಡತಿತ್ತು" ಎಂದು ನನ್ನ ಕಷ್ಟವನ್ನೆಲ್ಲ ಒಂದು ಮಾತಿನಲ್ಲಿ ಒರೆಸಿ ಹಾಕಿದಳು. ಕ್ಯಾಮೆರಾದಿಂದ ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಹಾಕಿ ನೋಡುತ್ತ ಕೂತಳು. ಹೊಗೆ, ಲಾಳಿಯಿಲ್ಲದ ಮಗ್ಗ, ನಿಂಬೆಹಣ್ಣು ಎಲ್ಲ ಸಾಲಾಗಿ ಬಂದವು. ಅವಳ ನಗು ಒಮ್ಮೆಲೇ ನಿಂತಿತು.

"ಮಮ್ಮಿ, ಸೂರ್ ಹೊಡದ ಫೋಟೋದ ಮುಂದ ಇನ್ನೊಂದ ಐತಿ. ಇದನ್ನ ನೋಡಿಲ್ಲೇನು ನೀ?"

ನೋಡಿರಲಿಲ್ಲ. ಗಾಬರಿಯಲ್ಲಿ ಓಡಿದಾಗ ಬೆರಳು ತಾನಾಗಿ ಒತ್ತಿತ್ತೆಂದು ಕಾಣುತ್ತದೆ. ಆ ದಿನ ಬೇಕಿದ್ದ ಫೋಟೋ ಸಿಕ್ಕ ಕೂಡಲೇ ಮುಂದಕ್ಕೆ ಹೋಗುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅಂಗಳ ಓರೆಯಾಗಿತ್ತು, ಅಂಚೆಲ್ಲ ಕದಡಿತ್ತು. ನಡುವೆ ಮಾತ್ರ ಸ್ಪಷ್ಟವಾಗಿ, ಕೆಂಪು ಮಣ್ಣಿನಲ್ಲಿ ಇಬ್ಬರು ಹೆಂಗಸರು. ಅವ್ವ ಖಾಲಾರ ಕೊರಳನ್ನು ಎರಡೂ ಕೈಯಿಂದ ಬಿಗಿಯಾಗಿ ಅಪ್ಪಿದ್ದಳು. ಖಾಲಾ ತಮ್ಮ ಅಂಗೈಯನ್ನು ಅವ್ವನ ತಲೆಯ ಕೆಳಗೆ, ನೆಲಕ್ಕೆ ಬಡಿಯದಂತೆ, ಒಡ್ಡಿದ್ದರು. ಇಬ್ಬರೂ ಕಣ್ಣು ಮುಚ್ಚಿ ನಗುತ್ತಿದ್ದರು. ಅವರ ಜಗಳ ಶುರುವಾಗುವುದಕ್ಕಿಂತ ತುಸು ಮೊದಲಿನ ಹೊತ್ತು ಅದು.

ಬಣ್ಣದ ಕೆಲಸವನ್ನು ಅಲ್ಲಿಗೇ ಬಿಟ್ಟು, ಆ ಭಾನುವಾರ ಫೋಟೋದ ಪ್ರತಿ ಮಾಡಿಸಿಕೊಂಡು ಅವ್ವನನ್ನು ಖಾನಾಪುರಕ್ಕೆ ಕರೆದುಕೊಂಡು ಹೋದೆ. ದಾರಿಯಲ್ಲಿ ಕೊಟ್ಟರೆ ಅವಳೊಬ್ಬಳೇ ನೋಡಿ ಮುಗಿಸುತ್ತಾಳೆಂದು ಚೀಲದಲ್ಲೇ ಇಟ್ಟೆ. ಬೇಕರಿಯನ್ನು ಈಗ ಖಾಲಾರ ಮಗ ನೋಡಿಕೊಳ್ಳುತ್ತಾನೆ. ಖಾಲಾ ಹಿಂದಿನ ಮನೆಯ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ಇಬ್ಬರಿಗೂ ಎಪ್ಪತ್ತರ ಹತ್ತಿರ. ಅವ್ವ ಪಕ್ಕದಲ್ಲಿ ಕೂತ ಮೇಲೆ ನಾನು ಚೀಲದಿಂದ ಫೋಟೋ ತೆಗೆದು ಇಬ್ಬರ ತೊಡೆಯ ಮೇಲೆ ಇಟ್ಟೆ. ಅವ್ವ ಕನ್ನಡಕ ಹಾಕಿಕೊಂಡಳು. ಖಾಲಾ ದುಪಟ್ಟಾದ ತುದಿಯಿಂದ ಫೋಟೋವನ್ನು ಒರೆಸಿದರು. ಕದಡಿದ್ದು ಧೂಳಿನಿಂದ ಎಂದು ತಿಳಿದರೋ ಏನೋ.

ಅವ್ವ ಬೆರಳಿಟ್ಟು ತೋರಿಸಿದಳು. "ಈಗ ಹೇಳು. ಮುಟ್ಟೇನೋ ಇಲ್ಲೋ?"

ಖಾಲಾ ಫೋಟೋವನ್ನು ಬಿಸಿಲಿಗೆ ಹಿಡಿದು ಮತ್ತೊಮ್ಮೆ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು. "ಹೂಂ ಪದ್ಮಾ, ಮುಟ್ಟೀದಿ" ಎಂದರು. ಅವ್ವನ ಮುಖ ಅರಳಿತು. ಖಾಲಾ ಮೂಗೊರೆಸಿಕೊಂಡು ಮಾತು ಮುಗಿಸಿದರು. "ಆದ್ರ ಇದು ಸೀಟಿ ಊದಿದ ಮ್ಯಾಲೆ."

ಅವ್ವ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. ಕಟ್ಟೆಯನ್ನು ಹಿಡಿದು ಎದ್ದು ನಿಂತು ಸೆರಗು ಸಿಕ್ಕಿಸಿದಳು.

"ಹಂಗಾರ ಏಳು ಮೆಹರು. ಓಣ್ಯಾಗ ಲೈಟಿನ ಕಂಬ ಐತಿ."

ಮೆಹರು ಖಾಲಾ ಬಗ್ಗಿ ಚಪ್ಪಲಿ ಹುಡುಕತೊಡಗಿದರು.